ಮೇಡಮ್ಮಾರ ಪಾಲಿನ ಎಣ್ಣಿ

ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಮೆಕ್ಕೆಜೋಳದ ಸುಳಿ ಬಿಡಿಸಿ, ಒಳಗೆ ಕೂತ ಲದ್ದಿ ಹುಳವನ್ನು ಎಳೆದು, ಆ ಉಗುರಿನಿಂದಲೇ ಸೀಳಿ ನೋಡುವಾಗ ಅಂಟಿದ ರಸ ಅದು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಕೈಯಿಂದ ಅವರು ನಾನು ಬಡಿದ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಬಾಯಿಗಿಡುವಾಗ ನಾನು ಗೋಡೆ ಕಡೆ ಮುಖ ಮಾಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಹೇಸಿಗೆಯಾಗುತ್ತಿತ್ತು.

ಊರವರು ಅವರನ್ನು ಹುಳದ ಮೇಡಂ ಎನ್ನುತ್ತಿದ್ದರು. ಮೈಸೂರು ಕಡೆಯವರು, ಐವತ್ತು ದಾಟಿದವರು, ಕೀಟಗಳ ಸಂಶೋಧನೆ ಮಾಡುವವರು. ಹಿರೇಹಡಗಲಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಾಗ, ಒಂಟಿ ಹೆಣ್ಣುಮಗಳು, ಗದ್ದಲವಿರುವುದಿಲ್ಲ ಎಂದು ನಾನು ಖುಷಿಪಟ್ಟೆ. ಮರುದಿನ ಟೆಂಪೋದಲ್ಲಿ ಬಂದಿಳಿದದ್ದು ಮುಚ್ಚಳದ ಪ್ಲಾಸ್ಟಿಕ್ ಬಟ್ಟಲುಗಳ ರಾಶಿ. ಒಂದೊಂದರಲ್ಲೂ ಒಂದೊಂದು ಜೀವಂತ ಹುಳ!

"ಎಲ್ಲಾವನ್ನೂ ಒಂದ ಡಬ್ಬಿಗೆ ಹಾಕಿದ್ರ ನಡೀತಿದ್ದಿಲ್ಲೇನ್ರಿ ಮೇಡಂ?" ಎಂದೆ.

"ಹಾಕ್ಬಹುದಮ್ಮ. ಬೆಳಿಗ್ಗೆ ನೋಡಿದ್ರೆ ಒಂದೇ ಇರುತ್ತೆ, ದಪ್ಪಗಾಗಿ" ಎಂದರು.

ಕೋಣೆ ಗುಡಿಸಲು ಹೋದಾಗ ಅದನ್ನೂ ಕಣ್ಣಾರೆ ಕಂಡೆ. ಹೇಗೋ ಒಂದು ಬಟ್ಟಲಿನಲ್ಲಿ ಎರಡು ಸೇರಿಕೊಂಡಿದ್ದವು. ಒಂದರ ಅರ್ಧ ಮೈ ಇನ್ನೊಂದರ ಬಾಯೊಳಗಿತ್ತು, ಉಳಿದರ್ಧ ಇನ್ನೂ ಮಿಸುಕಾಡುತ್ತಿತ್ತು. ಕಸಬರಿಗೆ ಅಲ್ಲೇ ಬಿಸಾಕಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಹಿಂದೆಯೇ ಮೇಡಂ ತಂಬಿಗೆ ನೀರು ಹಿಡಿದು ಬಂದು ನನ್ನ ಬೆನ್ನು ನೀವಿದರು. ಆ ಉಗುರಿನ ಕೈ ಬೆನ್ನ ಮೇಲಿದೆ ಎಂಬ ನೆನಪಿಗೆ ಇನ್ನೊಮ್ಮೆ ವಾಂತಿಯಾಯಿತು.

ಅವರಿಗೆ ಬೇಕಿದ್ದದ್ದು ಈ ಹುಳದ ವೈರಿ. ರಾಗಿಕಾಳಿಗಿಂತ ಸಣ್ಣದೊಂದು ಕರಿ ಕಣಜವಂತೆ. ಹುಳದ ಚಿಟ್ಟೆ ಎಲೆಯ ಮೇಲೆ ಗುಂಪಾಗಿ ತತ್ತಿ ಇಟ್ಟರೆ, ಈ ಕಣಜ ಆ ತತ್ತಿಗಳೊಳಗೆ ತನ್ನ ತತ್ತಿ ಇಡುತ್ತದೆ. ಅವು ಕಪ್ಪಾಗುತ್ತವೆ, ಹುಳದ ಬದಲು ಕಣಜ ಹಾರಿ ಬರುತ್ತದೆ. "ಮೊಟ್ಟೇಲೇ ಕೆಲಸ ಮುಗೀತು ನೋಡಮ್ಮ!" ಎಂದು ಅವರು ಮಗುವಿನ ಹಾಗೆ ಹಿಗ್ಗುತ್ತಿದ್ದರು. ಎಂಥ ಹೊಲಸು ಸಂಸಾರವಪ್ಪಾ ಇವುಗಳದು!

ಆದರೂ ಆ ಕಣಜ ಗೆಲ್ಲಲಿ ಎಂಬ ಆಸೆ ನನಗಿತ್ತು. ಹೊಲಕ್ಕೆ ವಿಷ ಹೊಡೆದು ಬಂದಾಗಲೆಲ್ಲ ನಮ್ಮ ಮನೆಯವರು ಉರಿಯುವ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಿದ್ದುಕೊಳ್ಳುತ್ತಿದ್ದರು. ಅದಕ್ಕೇ ಹೊಲದ ಪಡುವಲ ತುದಿಯ ಒಂದು ತುಂಡನ್ನು ಮೇಡಂಗೆ ಬಿಟ್ಟುಕೊಟ್ಟಿದ್ದೆವು. ಅಲ್ಲಿ ಕಣಜ ಬಿಡುವುದು, ಒಂದು ಹನಿ ವಿಷವೂ ಬೀಳಬಾರದು, ಬೆಳೆ ಉಳಿದರೆ ಮುಂದಿನ ಸಲ ಇಡೀ ಹೊಲಕ್ಕೂ ಹಾಗೇ ಮಾಡುವುದು ಎಂದು ಮಾತಾಗಿತ್ತು. ಎಲ್ಲರೂ ಆ ತುಂಡನ್ನು 'ಮೇಡಮ್ಮಾರ ಪಾಲು' ಎಂದು ಕರೆದರು.

ಪಕ್ಕದ ಹೊಲ ನಮ್ಮ ಭಾವನದು, ಅಂದರೆ ಮನೆಯವರ ಅಣ್ಣನದು. ಒಳ್ಳೆಯ ಮನುಷ್ಯ, ಆದರೆ ಸಂಜೆಯಾದರೆ ಕುಡಿತ. ಆ ತುಂಡಿಗೆ ವಿಷ ಬೀಳಬಾರದೆಂಬ ಮಾತನ್ನು ಅವರಿಗೆ ನಾವ್ಯಾರೂ ಹೇಳಿರಲಿಲ್ಲ. ಒಂದು ಸಂಜೆ, ಮನೆಯವರು ಕೂಡ್ಲಿಗಿಗೆ ಹೋಗಿದ್ದಾಗ, ಭಾವ ಆಗಲೇ ಸ್ವಲ್ಪ ಏರಿಸಿಕೊಂಡು ನಮ್ಮ ಕಟ್ಟೆಗೆ ಬಂದರು. ಒಲೆ ಮುಂದಿದ್ದ ನನಗೆ ಮೇಡಂ ಜೋರಾಗಿ ನಕ್ಕದ್ದಷ್ಟೇ ಕೇಳಿಸಿತು. ಆಡಿದ ಮಾತು ಆಮೇಲೆ ತಿಳಿಯಿತು.

"ಮೇಡಮ್ಮಾರ, ನಾಳಿ ಹೊತ್ತು ಏಳೂದ್ರಾಗ ಎಣ್ಣಿ ಹೊಡದ ಬಿಡ್ತೀನ್ರಿ. ನಿಮ್ಮ ಪಾಲಿಂದೂ ನಾನ ಹೊಡೀಲೇನ್ರಿ?" ಎಂದು ಭಾವ ಕೇಳಿದ್ದರಂತೆ.

"ಬೆಳಿಗ್ಗೆ ಬೆಳಿಗ್ಗೇನೇನಾ ಅಣ್ಣ? ನನ್ನ ಪಾಲಿಂದೂ ನೀವೇ ಹೊಡೀರಿ, ನನಗೆ ಅಭ್ಯಾಸ ಇಲ್ಲ!" ಎಂದಿದ್ದರಂತೆ ಮೇಡಂ.

ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣಿ ಎನ್ನುತ್ತೇವೆ. ಹೊಸಬರಾದ ಅವರ ಎದುರು ಮಾತ್ರ ನಾವೆಲ್ಲ ಶಿಸ್ತಾಗಿ ಔಷಧಿ ಎನ್ನುತ್ತಿದ್ದೆವು. ಅವರು ಎಣ್ಣೆ ಎಂದರೆ ಭಾವನ ಸಂಜೆಯ ಬಾಟಲಿ ಎಂದುಕೊಂಡರು.

ಬೆಳಿಗ್ಗೆ ಮೇಡಂ ಜೊತೆ ಹೊಲಕ್ಕೆ ಹೋದೆ. ಬದುವಿಗೆ ಕಾಲಿಡುವ ಮೊದಲೇ ಕೊಳೆತ ಬೆಳ್ಳುಳ್ಳಿಯಂಥ ನಾತ ಗಂಟಲಿಗೆ ಬಡಿಯಿತು. ಭಾವ ಮೂರು ಬಾಟಲಿಯ ಎಣ್ಣಿಯನ್ನು ಒಂದೇ ಬಕೆಟ್ಟಿಗೆ ಸುರಿದು, ಮೊಳಕೈತನಕ ಕೈ ಬಿಟ್ಟು ಕಲಕುತ್ತಿದ್ದರು. ನಮ್ಮನ್ನು ಕಂಡು ಕೈಯನ್ನು ಲುಂಗಿಗೆ ಒರೆಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

"ನಿಮ್ಮ ಪಾಲು ಮೊದಲ ಮುಗಿಸೀನ್ರಿ ಮೇಡಮ್ಮಾರ. ಇನ್ನ ನಂದು."

ಮೇಡಂ ತಮ್ಮ ಪಾಲಿನ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ನೆಲದ ಮೇಲೆ ಜೇನುನೊಣಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು, ಗುಲಗಂಜಿ ಹುಳಗಳು, ಜೇಡಗಳು ಬಿದ್ದಿದ್ದವು. ತತ್ತಿ ಅಂಟಿದ್ದ ಎಲೆಯ ಹಿಂಬದಿಯಲ್ಲಿ ಕರಿ ಪುಡಿ ಉದುರಿದಂತೆ ಕಾಣುತ್ತಿದ್ದದ್ದು ಅವರ ಕಣಜಗಳು. ಒಂದು ಸುಳಿ ಬಿಡಿಸಿದರು. ಒದ್ದೆ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆಯ ಕೆಳಗೆ, ಎಣ್ಣಿ ಇಳಿಯದ ಜಾಗದಲ್ಲಿ, ಲದ್ದಿ ಹುಳ ಬೆಚ್ಚಗೆ ಮೇಯುತ್ತಿತ್ತು.

"ಇದೊಂದು ಬದುಕಿದೆ ನೋಡಮ್ಮ" ಎಂದರು.

ಅವತ್ತು ನನಗಾದ ಹೇಸಿಗೆಯನ್ನು ಹೇಗೆ ಹೇಳಲಿ! ಇಷ್ಟು ದಿನ ಅವರ ಉಗುರಿಗೆ ಮೂಗು ಮುರಿದವಳಿಗೆ ಈ ನಾತ ಮನೆಯ ನಾತವೇ ಆಗಿಹೋಗಿತ್ತಲ್ಲ. ಗಂಡನ ಅಂಗಿಯಲ್ಲಿ, ಹಾಸಿಗೆಯಲ್ಲಿ, ಉಣ್ಣುವ ತಾಟಿನ ಅಂಚಿನಲ್ಲಿ ಇದ್ದದ್ದೂ ಇದೇ ಎಣ್ಣಿ.

ಮೇಡಂ ಎದ್ದವರೇ ಭಾವನ ಕಡೆ ತಿರುಗಿ ಕೂಗಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಮೊದ್ಲು ಆ ಎಲೆಯಡಿಕೆ ಉಗೀರಿ!"

ಭಾವ ಗಾಬರಿಯಾಗಿ ಉಗಿದರು. ಮೇಡಂ ಅವರ ರಟ್ಟೆ ಹಿಡಿದು ಬೋರಿನ ಹತ್ತಿರ ಎಳೆದೊಯ್ದು, ಬಾಯಿ ಮುಕ್ಕಳಿಸಿ ಎಂದು ಗದರಿ, ಚೀಲದಿಂದ ಸೋಪು ತೆಗೆದು ಅವರ ಕೈಯನ್ನು ಬೆರಳಿನಿಂದ ಮೊಳಕೈತನಕ ತಾವೇ ತಿಕ್ಕಿದರು. ಉಗುರ ಸಂದು ಸಂದಿಗೂ ತಮ್ಮ ಹಸಿರು ಉಗುರು ಹಾಕಿ ಕೆರೆದರು. ಅವರ ಕಣ್ಣಿಂದ ನೀರು ಹರಿಯುತ್ತಿತ್ತು, ತಿಕ್ಕುವುದು ನಿಲ್ಲಲಿಲ್ಲ.

"ನೀವ ಹೊಡೀ ಅಂದ್ರಲ್ರೀ" ಎಂದರು ಭಾವ, ಸಣ್ಣ ದನಿಯಲ್ಲಿ.

"ಅಂದೆ ಅಣ್ಣ. ಕುಡಿಯೋ ಎಣ್ಣೆ ಅನ್ಕೊಂಡೆ."

ಆ ಹಂಗಾಮಿನ ಕೆಲಸವೆಲ್ಲ ಮಣ್ಣುಪಾಲಾಯಿತು. ಎರಡು ದಿನ ಅವರು ಕೋಣೆಯ ಬಾಗಿಲು ತೆಗೆಯಲಿಲ್ಲ, ಊಟಕ್ಕೂ ಬರಲಿಲ್ಲ. ಗಂಟು ಕಟ್ಟಿಕೊಂಡು ಹೊರಟೇಬಿಡುತ್ತಾರೆ ಎಂದುಕೊಂಡೆ. ಮೂರನೆಯ ದಿನ ಅಡುಗೆಮನೆಗೆ ಬಂದು, "ನಿಮ್ಮೂರಲ್ಲಿ ಅಡುಗೆ ಎಣ್ಣೆಗೆ ಏನಂತೀರಮ್ಮ?" ಎಂದು ಕೇಳಿದರು. "ಒಳ್ಳೆಣ್ಣಿ" ಎಂದೆ. ನಕ್ಕರು, ರೊಟ್ಟಿಗೆ ಕೂತರು. ಆವತ್ತು ನಾನು ಗೋಡೆ ಕಡೆ ತಿರುಗಲಿಲ್ಲ.

ಮರುವರ್ಷ ಭಾವ ತಮ್ಮ ಹೊಲದ ಅಂಚನ್ನೂ ಮೇಡಮ್ಮಾರ ಪಾಲಿಗೆ ಸೇರಿಸಿ ಕಾವಲು ನಿಂತರು. ಹುಳ ಪೂರ್ತಿ ಹೋಗಲಿಲ್ಲ, ಆದರೆ ತತ್ತಿಗಳು ಕಪ್ಪಾದವು, ಬೆಳೆ ಉಳಿಯಿತು. ನಮ್ಮ ಮನೆಯವರು ಈಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗುವುದಿಲ್ಲ. ನಾನೇ ಸುಳಿ ಬಿಡಿಸಿ ನೋಡುತ್ತೇನೆ. ವಾಕರಿಕೆ ಇವತ್ತಿಗೂ ಬರುತ್ತದೆ, ಉಗುರು ಹಸಿರಾಗಿದೆ.

ಮೇಡಂ ತೀರಿಕೊಂಡ ಸುದ್ದಿಯನ್ನು ಈ ಮುಂಗಾರಿನಲ್ಲಿ ಅವರ ತಂಗಿ ಫೋನಿನಲ್ಲಿ ತಿಳಿಸಿದರು. ಭಾವನಿಗೆ ಹೇಳಲು ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ಕೇಳಿದವರು ಬಲಗೈಯನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿ ನೋಡಿಕೊಂಡರು. ಅಷ್ಟರಲ್ಲಿ ಅವರ ಗೆಳೆಯ, "ಹೊತ್ತು ಮುಳುಗ್ತಲೇ, ನಡಿ ಹೋಗೂಣು" ಎಂದು ಸಂಜೆಯ ಬಾಟಲಿಗೆ ಕರೆಯಲು ಬಂದ.

"ಇವತ್ತ ಯಾವ ಎಣ್ಣೀನೂ ಬ್ಯಾಡಲೇ" ಎಂದರು ಭಾವ.