ಅರ್ಧಕ್ಕೆ ತಡೆಯುವ ಹವಾ ಪಂಪು

ಗಂಗಾವತಿಯ ಕನಕಗಿರಿ ರಸ್ತೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ತಗಡಿನ ಸಣ್ಣ ಅಂಗಡಿಯ ಮುಂದೆ ನಸೀಮಾಬಿ ಚರ್ಮದ ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಔಡಲ ಎಣ್ಣೆ ಸವರುತ್ತಿದ್ದಾರೆ. ಹೆಬ್ಬೆರಳು ಸುತ್ತುತ್ತದೆ, ಒಣಗಿ ಮುದುಡಿದ ಚರ್ಮ ಮೆಲ್ಲಗೆ ಬಟ್ಟಲಿನ ಹಾಗೆ ಬಾಯಿ ತೆರೆಯುತ್ತದೆ. ಅದನ್ನು ಪಂಪಿನ ಸರಳಿನ ತುದಿಗೆ ಸಿಕ್ಕಿಸಿ, ಹಿತ್ತಾಳೆಯ ಕೊಳವೆಗೆ ಇಳಿಸಿ, ಕೆಳಗಿನ ಪಟ್ಟಿ ಮೆಟ್ಟಿ ನಿಂತು, ಎರಡೂ ಕೈಯಿಂದ ಒತ್ತುತ್ತಾರೆ. ಫುಸ್!

“ಉಸಿರು ಬಂತು ನೋಡ್ರಿ.”

ಅರವತ್ತೆರಡರ ಈ ಹೆಣ್ಣುಮಗಳ ಕೆಲಸ ಹಳೆಯ ಸೈಕಲ್ ಪಂಪುಗಳ ರಿಪೇರಿ. ಗಂಡ ಸೈಕಲ್ ಅಂಗಡಿ ನಡೆಸುತ್ತಿದ್ದಾಗ ಮನೆಯಲ್ಲೇ ಕೂತು ದಿನಕ್ಕೆ ಇಂಥ ಇಪ್ಪತ್ತು ಚರ್ಮದ ವಾಷರ್ ಕತ್ತರಿಸುತ್ತಿದ್ದರು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಈಗ ವಾರಕ್ಕೆ ಎರಡು ಪಂಪು ಬಂದರೆ ಹೆಚ್ಚು, ಉಳಿದ ಹೊತ್ತೆಲ್ಲ ಪಂಕ್ಚರ್. ಆದರೂ ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಅಟ್ಟದ ಮೇಲೊಂದು ಹಳೆಯ ಪಂಪು ಸಿಕ್ಕರೆ ತಂದು ಇವರ ಮುಂದೆಯೇ ಇಡುತ್ತಾರೆ.

“ಮ್ಯಾಗ್ನೆಟ್ ಅಂಟಿತಂದ್ರ ಒಳಗ ಕಬ್ಬಿಣ, ಮ್ಯಾಲ ಬರೇ ಹಿತ್ತಾಳಿ ಬಣ್ಣ. ಕಟಿಗಿ ಹಿಡಿಕಿ ಯಾ ಕಡಿ ಸವದೈತಿ ನೋಡಿದ್ರ, ಹೊಡೆದಾವ ಎಡಚನೋ ಅಲ್ಲೋ ಗೊತ್ತಾಕ್ಕೈತಿ. ಕಿಲುಬು ಮಾತ್ರ ತಿಕ್ಕಬಾರ್ದು. ಪಂಪಿನ ವಯಸ್ಸು ಇರೋದ ಅದರಾಗ.”

ಕೊನೆಯ ಮಾತಿಗೆ ಅವರ ದನಿ ತಗ್ಗುತ್ತದೆ. ಕಣ್ಣು ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟ ಪಂಪಿನ ಕಡೆ ಹೋಗುತ್ತದೆ.

ನಾಲ್ಕು ವರ್ಷದ ಹಿಂದೆ ಹುಲಿಹೈದರದ ಕಳಕಮ್ಮ ಅದನ್ನು ರಿಪೇರಿಗೆ ತಂದಿದ್ದರು. ಊರಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅವರ ತಂದೆಯ ಪಂಪು. ಪಾತ್ರೆಗೆ ಹೆಸರು ಹಾಕಿಸುವಂತೆ ಕೊಳವೆಯ ಮೇಲೆ ಚುಕ್ಕಿ ಹೊಡೆಸಿದ್ದ ತಂದೆಯ ಹೆಸರು ಸವೆದು ಸವೆದು, ಚುಕ್ಕಿಗಳಲ್ಲಿ ಕಿಲುಬು ಕೂತಿದ್ದರಿಂದಷ್ಟೇ ಓದಲು ಬರುತ್ತಿತ್ತು. ರಂಜಾನ್ ಹಬ್ಬಕ್ಕೆ ಎರಡು ದಿನ ಬಾಕಿ. ಮನೆಯ ತಂಬಿಗೆ, ಕೊಡ ತಿಕ್ಕಲು ಕೂತ ನಸೀಮಾಬಿ ಅದೇ ಹುಣಸೆಹಣ್ಣಿನಲ್ಲಿ, ಅದೇ ಹುರುಪಿನಲ್ಲಿ ಪಂಪನ್ನೂ ತಿಕ್ಕಿಬಿಟ್ಟರು.

“ಬಂಗಾರದಂಗ ಮಾಡಿ ಕೊಟ್ರ ಆಕಿ ಖುಷಿ ಆಗ್ತಾಳ ಅನ್ಕೊಂಡೆ. ಊರಿಗೆಲ್ಲಾ ತಿಕ್ಕಬ್ಯಾಡ್ರಿ ಅನ್ನಾಕಿ ನಾನ!”

ಕಳಕಮ್ಮ ಬಂದರು, ಥಳಥಳ ಹೊಳೆಯುವ ಕೊಳವೆಯಲ್ಲಿ ಹೆಸರು ಹುಡುಕಿದರು, ಸಿಗಲಿಲ್ಲ. “ಇದು ನಮ್ಮಪ್ಪಂದಲ್ಲ” ಎಂದರು. ಹಿಡಿಕೆಯನ್ನೂ ಮುಟ್ಟದೆ ಹೋದರು.

“ನನ್ನ ಕಳ್ಳಿ ಅಂದಿದ್ರ ಜಗಳಾನರ ಆಡ್ತಿದ್ದೆ. ಅನ್ಲಿಲ್ಲ.”

ಅದೇ ಪಂಪು ಎನ್ನಲು ಒಂದು ಗುರುತು ಉಳಿದಿದೆ. ಕೊಳವೆಯ ನಡುವೆ ಹಳೆಯದೊಂದು ನೆಗ್ಗು. ಒತ್ತಿದರೆ ಅರ್ಧಕ್ಕೆ ತಡೆದು, ಆಮೇಲೆ ಇಳಿಯುತ್ತದೆ. “ಸಣ್ಣಾಕಿ ಇದ್ದಾಗ ಅಪ್ಪನ ಅಂಗಡ್ಯಾಗ ನಾನ ಹವಾ ಹೊಡೀತಿದ್ದೆ ಅಂತ ಆಕಿನ ಹೇಳಿದ್ಳು. ಹೆಸರು ಕಣ್ಣಿಗೆ ಸಿಗಲಿಲ್ಲ, ಖರೆ. ಈ ತಡೆ ಕೈಗೆ ಸಿಗತೈತಿ.”

ಬಿಸಿಲು ಏರುವ ಹೊತ್ತಿಗೆ ಹುಲಿಹೈದರಕ್ಕೆ ಹೋಗುವ ಟಂಟಂ ಆಟೊ ಬಂದು ಅಂಗಡಿಯ ಪಕ್ಕ ನಿಲ್ಲುತ್ತದೆ. ಚಾಲಕ ಪ್ರಭುರಾಜ ಒಳಗೆ ಇಣುಕಿ ಮೂಲೆಯ ಪಂಪನ್ನು ನೋಡುತ್ತಾರೆ.

“ಚಾಚಿ, ಆ ಮುದುಕನ್ನ ಇನ್ನಾ ಗುಜರಿಗೆ ಹಾಕಿಲ್ಲೇನ?”

“ಮದ್ಲ ನಿನ್ನ ಟಂಟಂ ಹಾಕು. ಅದರ ಜೋಡಿ ಇದನ್ನೂ ಕಳಸ್ತೀನಿ.”

ಗಾಡಿಯಲ್ಲಿ ಕೂತವರು ನಗುತ್ತಾರೆ. ಹಿಂದೊಮ್ಮೆ ಪಂಪನ್ನು ಇದೇ ಟಂಟಂನಲ್ಲಿ ಕಳಕಮ್ಮನ ಮನೆಗೆ ಕಳಿಸಿದ್ದೂ ಆಗಿದೆ. ‘ಬ್ಯಾರೆಯವ್ರ ಸಾಮಾನು ನಮ್ಮನ್ಯಾಗ ಬ್ಯಾಡ’ ಎಂಬ ಮಾತಿನೊಂದಿಗೆ ಅದು ಸಂಜೆಗೇ ವಾಪಸು ಬಂತು.

ನಸೀಮಾಬಿ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಟಂಟಂನ ಕಂಬಿ ಹಿಡಿಯುತ್ತಾರೆ.

“ಕಳಕಮ್ಮಗ ಹೇಳಪಾ. ಒಯ್ಯದಿದ್ರ ಬ್ಯಾಡ. ಬಂದು ಒಂದ್ ಸಲ ಒತ್ತಿ ನೋಡಂತ ಹೇಳು.”

ಪ್ರಭುರಾಜ ರಸ್ತೆಯನ್ನೇ ನೋಡುತ್ತ ಗೇರ್ ಹಾಕುತ್ತಾರೆ.