ಮಣಿಕಟ್ಟಿನ ನೆಲ

ಮೊನ್ನೆ ನಮ್ಮ ಶಿಗ್ಗಾವಿಯ ಮನೆಗೆ ಬಂದ ನಿಂಗಪ್ಪ ಚಹಾ ಬೇಡವೆಂದ. ಅವನು ಚಹಾ ಬೇಡವೆಂದರೆ ಏನೋ ಆಗಿದೆ ಎಂದೇ ಅರ್ಥ. ಟವೆಲ್ಲಿನ ಗಂಟು ಬಿಚ್ಚಿ ಒಣ ಗೊಂಚಲೊಂದನ್ನು ಮುಂದಿಟ್ಟ. ಹಳೆಯ ಬಣವೆಯ ವಾಸನೆ.

"ಅಣ್ಣಾ, ನಮ್ಮ ಕುಮರಿಯೊಳಗ ಬಿದಿರು ಹೂ ಬಿಟ್ಟೈತಿ."

ನಾನು ಕೂತಲ್ಲೇ ಹಿಂದಕ್ಕೆ ಸರಿದೆ.

ಹೂವಿಗೆ ಹೆದರುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನನಗೆ ಈ ಹೆದರಿಕೆ ಕಲಿಸಿದವಳು ನಿಂಗಪ್ಪನ ಅವ್ವ, ನನ್ನ ದೊಡ್ಡವ್ವ. ಹಾನಗಲ್ಲಿನ ಪಡುವಣಕ್ಕೆ, ಅಡವಿ ಶುರುವಾಗುವ ಇಳಿಜಾರಿನಲ್ಲಿ ಅವರ ಕುಮರಿ. ಹಿರಿಯರು ಗಿಡಗಂಟಿ ಕಡಿದು, ಸುಟ್ಟು, ಎರಡು ಮೂರು ವರ್ಷ ರಾಗಿ ಬೆಳೆದು, ನೆಲ ಸೋತಾಗ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರಂತೆ. ಬಿಟ್ಟಲ್ಲಿ ಬಿದಿರು ಬರುತ್ತಿತ್ತು. ಅವರು ಬಿಟ್ಟ ಕಡೆಯ ತುಂಡು ಇದು. ಅದನ್ನು ಯಾರಾದರೂ ಬೀಳು ಎಂದರೆ ದೊಡ್ಡವ್ವ ಗದರುತ್ತಿದ್ದಳು: "ಬೀಳು ಅನಬ್ಯಾಡ. ಮಲಗೈತಿ ಅನ್ನು."

ಮಲಗಿದ ನೆಲ ಎದ್ದಿತೇ ಎಂದು ತಿಳಿಯಲು ಅವಳಲ್ಲಿದ್ದದ್ದು ಒಂದೇ ಅಳತೆ, ಕೈ. ತರಗೆಲೆ ಸರಿಸಿ ಒತ್ತುತ್ತಿದ್ದಳು. ಉಗುರಷ್ಟೇ ಇಳಿದರೆ ಉಗುರಿನ ನೆಲ. ಆಮೇಲೆ ಬೆರಳಿನ ನೆಲ. ಬಿದಿರಿನ ಎಲೆ ವರ್ಷವರ್ಷವೂ ಉದುರಿ, ಕೊಳೆತು, ಬೇರು ಮಣ್ಣನ್ನು ತಬ್ಬಿ ಹಿಡಿದು, ಕಡೆಗೊಂದು ದಿನ ಮಣಿಕಟ್ಟಿನ ನೆಲ.

ಒಮ್ಮೆ ನನ್ನ ಕೈಯನ್ನೂ ಒತ್ತಿಸಿದಳು. ಒಳಗೆ ಏನೋ ತಣ್ಣಗೆ ಹೊರಳಿತು. "ಹಾವು!" ಎಂದು ಇಳಿಜಾರಿನ ಬುಡದವರೆಗೆ ಓಡಿದೆ. ಆ ಎಡಗಾಲಿನ ಚಪ್ಪಲಿ ಇನ್ನೂ ಅಲ್ಲೇ ಎಲ್ಲೋ ಇರಬೇಕು.

"ಎರೆಹುಳಕ್ಕ ಓಡ್ಯಾನ ನೋಡ್ರೆ ಗಂಡಸ! ಬಾರೋ, ಅದು ನಮ್ಮ ಎತ್ತು!"

ಹೀಗೆ ನಗುತ್ತಿದ್ದವಳು ಬಿದಿರಿನ ಹೂವಿನ ಮಾತು ಬಂದರೆ ಮಾತ್ರ ದನಿ ತಗ್ಗಿಸುತ್ತಿದ್ದಳು. ಅವಳು ಹುಡುಗಿಯಾಗಿದ್ದಾಗ ಮಗ್ಗುಲಿನ ಗುಡ್ಡದಲ್ಲಿ ಬಿದಿರು ಹೂ ಬಿಟ್ಟು ಒಣಗಿತಂತೆ; ಕಡಿದ ಬಿದಿರು ಬೇರಿನಿಂದ ಮತ್ತೆ ಚಿಗುರುತ್ತದೆ, ಹೂ ಬಿಟ್ಟದ್ದು ಬೇರುಸಮೇತ ಸಾಯುತ್ತದೆ. ಜನ ಒಣ ಮೆಳೆಗೆ ಬೆಂಕಿಯಿಟ್ಟು ಬಿತ್ತಿದರು. ಮೊದಲ ದೊಡ್ಡ ಮಳೆಗೆ ಗುಡ್ಡದ ಮಣ್ಣು ಕೆಂಪಗೆ ಕೆರೆಗೆ ಇಳಿಯಿತು. "ಆಮ್ಯಾಲ ಅಲ್ಲಿ ಉಗುರೂ ಇಳೀಲಿಲ್ಲೋ ತಮ್ಮಾ."

ನಿಂಗಪ್ಪನೂ ಇದನ್ನು ಮರೆತಿರಲಿಲ್ಲ. "ಅವ್ವನ ಮಾತು ಅವ್ವನ ಕಾಲಕ್ಕ. ಮೆಳಿ ಹೆಂಗೂ ಸಾಯ್ತೈತಿ. ಮಳಿಗಿಂತ ಮೊದಲ ಸುಟ್ಟು ಗೋವಿನಜೋಳ ಹಾಕ್ತೇನಿ. ನೀ ಜೋಡಿ ಬಾ." ಜೋಡಿ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಅವನಿಗೂ ಹೆದರಿಕೆ.

ಮರುದಿನ ಹೋದೆವು. ಮೆಳೆಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಗಾಳಿ ಬೀಸಿದಾಗ ಹಲ್ಲು ಕಡಿದ ಸದ್ದು. ನಿಂಗಪ್ಪ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದ. ನನಗೆ ವಾದ ಮಾಡಲು ಬರುವುದಿಲ್ಲ.

"ಮೊದಲ ಕೈ ಒತ್ತು," ಎಂದೆ.

"ನೀನೂ ಒತ್ತು. ಎತ್ತು ಬಂದ್ರ ಓಡಬ್ಯಾಡ ಮತ್ತ."

ಇಬ್ಬರೂ ಕೂತು ಒತ್ತಿದೆವು. ಮಣಿಕಟ್ಟು ಮುಳುಗಿತು. ಮೇಲೆ ಸುಡುವ ಬಿಸಿಲು, ಒಳಗೆ ತಂಪು. ಕೈ ತೆಗೆದಾಗ ಬೆರಳುಗಳಿಗೆ ಸಣ್ಣ ಗೋದಿಯಂಥ ಕಾಳು ಅಂಟಿದ್ದವು. ಬಿದಿರಕ್ಕಿ. ಬರುವ ಮೆಳೆಯ ಬೀಜ.

"ಬೆಂಕಿ ಹಚ್ಚಿದ್ರ ಇವೂ ಸುಡತಾವಲ್ಲಣ್ಣಾ."

"ಹೌದು. ಇವು ಹುಟ್ಟಿ ಬೇರು ಬಿಡೂತನಕ ಸತ್ತ ಬೇರ ಮಣ್ಣು ಹಿಡೀಬೇಕು."

"ಹಿಡೀದಿದ್ರ?"

ಕಣಿವೆಯಾಚೆ ಯಾರದೋ ಹೊಲದಲ್ಲಿ ಹೊಗೆ ಏಳುತ್ತಿತ್ತು. ಅದನ್ನೇ ನೋಡುತ್ತ ನಿಂಗಪ್ಪ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ತುರುಕಿದ. "ಇದು ನಿನ್ನ ಹಂತೇಕ ಇರಲಿ. ನನ್ನ ಹಂತೇಕ ಬ್ಯಾಡ."

ಅದೀಗ ನಮ್ಮ ಕಿಟಕಿಯಲ್ಲಿ, ಆ ಗೊಂಚಲಿನ ಪಕ್ಕದಲ್ಲಿದೆ. ಮೊದಲೆಲ್ಲ ಗುಡುಗಿದರೆ ಹಪ್ಪಳ ಒಳಗೆ ತರಲು ಏಳುತ್ತಿದ್ದೆ. ಈಗ ಹಪ್ಪಳ ನೆನೆದರೂ ಸರಿ, ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೇನೆ. ಕಡ್ಡಿಗಳು ತುಂಬಿವೆ, ಒಂದೂ ಗೀರಿಲ್ಲ. ಆದರೆ ಮಳೆಗಿಂತ ಮೊದಲು ನಿಂಗಪ್ಪನ ಮನಸ್ಸು ತಿರುಗಿದರೆ, ಇಂಥ ಪೆಟ್ಟಿಗೆ ಹಾನಗಲ್ಲಿನ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.