ಬೇಸಿನ್ನಿನಲ್ಲಿ ಹರಿದ ತಾಮ್ರದ ಬಣ್ಣ

ಪಾರ್ಲರಿಗೆ ಬರುವವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಎಂಥ ಮೊಂಡು ಕೂದಲನ್ನೂ ಸ್ಟ್ರೈಟ್ನರಿನ ಬಿಸಿ ಪಟ್ಟಿಗಳ ನಡುವೆ ಎಳೆದು ಹೊಸ ರಿಬ್ಬನ್ನಿನಂತೆ ನೆಟ್ಟಗೆ ಮಾಡಿ ಕಳಿಸುವುದರಲ್ಲಿ ಅವಳದು ಎತ್ತಿದ ಕೈ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದಳು. ಬಣ್ಣವನ್ನೂ ಚೆನ್ನಾಗಿ ಕಲಸುತ್ತಿದ್ದಳು, ಆದರೆ ಅದನ್ನು ದೊಡ್ಡ ವಿದ್ಯೆ ಎಂದು ಅವಳೇ ಎಣಿಸಿರಲಿಲ್ಲ. ನೆಟ್ಟಗಿನ ಕೂದಲೇ ಅವಳ ಹೆಮ್ಮೆ.

ನಾದಿನಿಯನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. "ನನ್ನ ತಂಗಿ ಒಂದು ವರ್ಷ ಕೋರ್ಸ್ ಮಾಡ್ಕೊಂಡು ಮನೇಲಿ ಕೂತಿದ್ದಾಳೆ, ನಿಮ್ಮಲ್ಲೇ ನೋಡೇ" ಎಂದು ಗಂಡ ಹೇಳಿದಾಗ ಯಜಮಾನಿಯ ಹತ್ತಿರ ಹೋಗಿ ಶಿಫಾರಸು ಮಾಡಿದ್ದಳು. ಹುಡುಗಿ ಟವೆಲ್ ಮಡಿಸಿಕೊಂಡು, ನೆಲ ಗುಡಿಸಿಕೊಂಡು, ತನ್ನ ಕೈಕೆಳಗೆ ಇರುತ್ತಾಳೆ ಎಂದುಕೊಂಡಿದ್ದಳು.

ಮೂರನೇ ತಿಂಗಳಿಗೆ ಇಸ್ತ್ರಿ ಅಕ್ಕನಿಗೆ ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದು ಬಂದು ನೋಡುತ್ತಾಳೆ, ಲೈಬ್ರರಿ ಮೇಡಂ ನಾದಿನಿಯ ಕುರ್ಚಿಯಲ್ಲಿ ಕೂತಿದ್ದಾರೆ! ಊರಿನ ಗ್ರಂಥಾಲಯ ನೋಡಿಕೊಳ್ಳುವ ಈ ಮೇಡಂ ಹನ್ನೊಂದು ವರ್ಷದಿಂದ ಇಸ್ತ್ರಿ ಅಕ್ಕನ ಗಿರಾಕಿ. ಜೋಳದ ತೆನೆಯ ರೇಷ್ಮೆಯಷ್ಟು ನವಿರು ಕೂದಲು, ಅದಕ್ಕೆ ತಾಮ್ರದ ಬಣ್ಣ. ಮುಟ್ಟಿದರೆ ತುಂಡಾಗುತ್ತಿತ್ತು, ಮಧ್ಯಾಹ್ನದೊಳಗೆ ನೆತ್ತಿಗೆ ಅಂಟಿಕೊಳ್ಳುತ್ತಿತ್ತು.

"ನಿಮಗೆ ಹುಷಾರಿರ್ಲಿಲ್ಲವಂತೆ. ಅದಕ್ಕೇ ಇವಳ ಹತ್ರ ಮೊನ್ನೆ ಒಂದ್ಸಲ ಮಾಡಿಸ್ಕೊಂಡೆ" ಎಂದರು ಮೇಡಂ. ಇವತ್ತು ಮತ್ತೆ ಯಾಕೆ ಬಂದಿರಿ ಎಂದು ಅವಳು ಕೇಳಲಿಲ್ಲ. ತನ್ನ ಮುಂದಿನ ಕನ್ನಡಿಯಲ್ಲಿ ನಾದಿನಿಯ ಕೈಗಳನ್ನೇ ನೋಡುತ್ತ ನಿಂತಳು.

ನಾದಿನಿ ನೀರನ್ನು ಉಗುರುಬೆಚ್ಚಗಷ್ಟೇ ಇಟ್ಟಳು. ಬಣ್ಣದ ಕೂದಲಿಗೆಂದೇ ಇರುವ ಮೃದು ಶಾಂಪೂ, ಅದೂ ಬುಡಕ್ಕೆ ಮಾತ್ರ. ಕಂಡೀಷನರ್ ತುದಿಗಳಿಗೆ ಮಾತ್ರ, ಕಡಲೆಕಾಳಿನಷ್ಟು. ಟವೆಲ್ಲಿನಿಂದ ಉಜ್ಜಲಿಲ್ಲ; ಹಳೆಯ ಹತ್ತಿ ಬನಿಯನ್ನಿನಲ್ಲಿ ಕೂದಲನ್ನು ತುಂಬಿಕೊಂಡು ಸುಮ್ಮನೆ ಒತ್ತಿದಳು. ಆಮೇಲೆ ಅಲೆ ಕೂರಿಸುವ ಹಗುರ ನೊರೆ ಒಂದು ಮುಷ್ಟಿ ಸವರಿ, ತಲೆ ಬಗ್ಗಿಸಿ, ತುದಿಯಿಂದ ಮೇಲಕ್ಕೆ ಹಿಡಿಹಿಡಿಯಾಗಿ ಹಿಸುಕಿ ಬಿಟ್ಟಳು. ಡ್ರೈಯರಿನ ಬಾಯಿಗೆ ತೂತುತೂತಿನ ಅಗಲ ಬಟ್ಟಲು ಸಿಕ್ಕಿಸಿ ಕಡಿಮೆ ಬಿಸಿಯಲ್ಲಿ ಒಣಗಿಸಿದಳು. "ಪೂರ್ತಿ ಒಣಗೋವರೆಗೂ ಮುಟ್ಬೇಡಿ ಮೇಡಂ" ಎಂದು ಎರಡು ಸಲ ಕೈ ತಡೆದಳು.

ಒಣಗಿದಾಗ ಮೇಡಂ ಮುಖದ ಎರಡೂ ಬದಿ ಸಣ್ಣ ಸಣ್ಣ ಅಲೆಗಳು.

"ಚಿಕ್ಕೋಳಿದ್ದಾಗ ಹೀಗೇ ಇತ್ತು. ಇಷ್ಟು ವರ್ಷ ಎಲ್ಲಿಗೆ ಹೋಗಿತ್ತಮ್ಮ ಇದು?"

"ಎಲ್ಲಿಗೂ ಹೋಗಿರ್ಲಿಲ್ಲ ಮೇಡಂ. ಬಿಸಿಗೆ ಹೆದರ್ಕೊಂಡು ಕೂತಿತ್ತು."

ನಾದಿನಿ ಅದನ್ನು ಚುಚ್ಚಿ ಹೇಳಿರಲಿಲ್ಲ. ಆದರೆ ಇಸ್ತ್ರಿ ಅಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಅಂದಿನಿಂದ ನಾದಿನಿಯ ಹತ್ತಿರ ಎಷ್ಟು ಜನ ಕೂತರು, ಎಷ್ಟು ಜನ ನಗುತ್ತ ಎದ್ದರು ಎಂದು ಲೆಕ್ಕ ಇಡತೊಡಗಿದಳು. ಕೆಲಸದಲ್ಲಿ ತಪ್ಪು ಸಿಗುತ್ತದೇನೋ ಎಂದು ಹುಡುಕಿದಳು, ಸಿಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ, "ನಮ್ಮ ಆಫೀಸಿನ ಟೈಪಿಸ್ಟ್ ಕೂಡ ನಿನ್ನ ಹತ್ರ ಬಂದಿದ್ಲಂತಲ್ಲೇ" ಎಂದು ತಂಗಿಯನ್ನು ಹೊಗಳಿದರೆ ಇವಳು ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಹುಡುಗಿಯಾದರೂ ಜಂಬ ಪಟ್ಟಿದ್ದರೆ ಬೈಯುವುದಕ್ಕೆ ನೆಪ ಸಿಗುತ್ತಿತ್ತು. ಅವಳೋ "ಅತ್ತಿಗೆ, ಅತ್ತಿಗೆ" ಎಂದು ಹಿಂದೆ ಮುಂದೆ ಸುಳಿಯುತ್ತಿದ್ದಳು.

ಒಂದು ಗುರುವಾರ ಬಾಗಿಲು ತೆಗೆಯುವ ಸರದಿ ಇಸ್ತ್ರಿ ಅಕ್ಕನದು. ಒಳಗೆ ಬೇರೆ ಯಾರೂ ಇರಲಿಲ್ಲ. ಎಣ್ಣೆ, ಜಿಡ್ಡು, ಸ್ಪ್ರೇ ಎಲ್ಲವನ್ನೂ ಕಿತ್ತು ತೆಗೆಯುವ ಖಾರವಾದ ಶಾಂಪೂ ಒಂದು ಕ್ಯಾನಿನಲ್ಲಿತ್ತು. ನಾದಿನಿಯ ಬಾಟಲಿಯಲ್ಲಿ ಅರ್ಧ ಉಳಿದಿದ್ದ ಮೃದು ಶಾಂಪೂವನ್ನು ಬೇಸಿನ್ನಿಗೆ ಚೆಲ್ಲಿ, ಅದರಲ್ಲಿ ಇದನ್ನು ತುಂಬಿಸಿ, ಮುಚ್ಚಳ ತಿರುಗಿಸಿ ಇದ್ದಲ್ಲೇ ಇಟ್ಟಳು. ಏನೂ ಆಗುವುದಿಲ್ಲ, ಕೂದಲು ಕೊಂಚ ಒರಟಾಗುತ್ತದೆ, ಅಲೆ ಕೂರುವುದಿಲ್ಲ, ಮೇಡಂ ನನ್ನ ಹತ್ತಿರ ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಹನ್ನೊಂದು ಗಂಟೆಗೆ ಮೇಡಂ ಬಂದರು. ವಾರದ ಹಿಂದಷ್ಟೇ ಬಣ್ಣ ಹಾಕಿತ್ತು. ಬಣ್ಣಕ್ಕೆ ಮಾತ್ರ ಅವರು ಈಗಲೂ ಇಸ್ತ್ರಿ ಅಕ್ಕನನ್ನೇ ಕೇಳುತ್ತಿದ್ದರು. ನಾದಿನಿ ಶಾಂಪೂ ಹಾಕಿದಳು, ಬೆರಳಾಡಿಸಿದಳು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು. ಒಂದು ಕ್ಷಣ ನೊರೆಯನ್ನೇ ನೋಡಿ, ಗಡಿಬಿಡಿಯಲ್ಲಿ ನೀರು ಬಿಟ್ಟಳು.

ಪಕ್ಕದ ಬೇಸಿನ್ನಿನ ಬಳಿ ನಿಂತಿದ್ದ ಇಸ್ತ್ರಿ ಅಕ್ಕ ಬಗ್ಗಿ ನೋಡಿದಳು. ಬಿಳಿ ಬೇಸಿನ್ನಿನ ತುಂಬ ತಾಮ್ರದ ಬಣ್ಣ ಸುತ್ತಿ ಸುತ್ತಿ ತೂತಿಗೆ ಇಳಿಯುತ್ತಿತ್ತು. ಅದು ಅವಳದೇ ಬಣ್ಣ. ಹನ್ನೊಂದು ವರ್ಷ ಚೂರು ಕೆಂಪು, ಚೂರು ಕಂದು ಎಂದು ತಿದ್ದಿ ತಿದ್ದಿ ಆ ಮುಖಕ್ಕೆಂದೇ ಹೊಂದಿಸಿದ್ದು. ಇಷ್ಟು ದಿನ ಅವಳು ಅಲೆಗಳನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದಳೇ ಹೊರತು ಆ ಅಲೆಗಳ ಮೇಲೆ ಹೊಳೆಯುತ್ತಿದ್ದುದು ಏನೆಂದು ನೋಡಿರಲೇ ಇಲ್ಲ.

ಒಂದು ಬದಿಯ ಕೂದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಯಜಮಾನಿ ಓಡಿ ಬಂದಳು.

"ನನ್ನ ತಪ್ಪು ಮೇಡಂ. ಬಾಟಲಿ ಅದಲುಬದಲಾಯ್ತು" ಎಂದಳು ನಾದಿನಿ.

ಎಲ್ಲರ ಎದುರಿಗೇ ಯಜಮಾನಿ ಅವಳನ್ನು ತರಾಟೆಗೆ ತೆಗೆದುಕೊಂಡು, ಒಂದು ತಿಂಗಳು ಯಾರ ತಲೆಯನ್ನೂ ಮುಟ್ಟಕೂಡದು ಎಂದಳು. ಇಸ್ತ್ರಿ ಅಕ್ಕ ನಲ್ಲಿ ತಿರುಗಿಸಿ ಬೇಸಿನ್ನಿಗೆ ಅಂಟಿದ್ದ ಬಣ್ಣ ತೊಳೆಯತೊಡಗಿದಳು.

ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಇಬ್ಬರೂ ಟವೆಲ್ ಮಡಿಸುತ್ತಿದ್ದರು.

"ಮೊದಲ್ನೇ ನೊರೆಗೇ ಗೊತ್ತಾಯ್ತು ಅತ್ತಿಗೆ. ನನ್ನ ಶಾಂಪೂ ಅಷ್ಟು ನೊರೆ ಬರಲ್ಲ" ಎಂದಳು ನಾದಿನಿ, ತಲೆ ಎತ್ತದೆ. "ಬೆಳಗ್ಗೆ ಬಾಗಿಲು ತೆಗೆದೋರು ಯಾರು ಅಂತಾನೂ ಗೊತ್ತಿತ್ತು."

"ಮತ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ತೆಗೆದುಹಾಕ್ತಿದ್ರು. ಅಣ್ಣನ ಮುಖ ನಾನು ಹೇಗೆ ನೋಡ್ಲಿ?" ಟವೆಲ್ಲನ್ನು ರಪ್ಪನೆ ಕೊಡವಿದಳು. "ಹಾಗಂತ ಕ್ಷಮಿಸಿದೀನಿ ಅಂದ್ಕೋಬೇಡಿ. ಮೈಯೆಲ್ಲ ಉರೀತಿದೆ ನಂಗೆ."

ನಾಚಿಕೆಯ ಜೊತೆಗೇ ಇಸ್ತ್ರಿ ಅಕ್ಕನಿಗೆ ಇನ್ನೊಂದು ಉರಿಯೂ ಹತ್ತಿತು. ಒಳ್ಳೆಯತನದಲ್ಲೂ ಈ ಹುಡುಗಿ ತನ್ನನ್ನು ಮೀರಿಸಿಬಿಟ್ಟಳಲ್ಲ! ಅದನ್ನು ಮಾತ್ರ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಮರುದಿನ ನೇರವಾಗಿ ಗ್ರಂಥಾಲಯಕ್ಕೆ ಹೋದಳು. ಮೇಡಂ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕಪಾಟಿನ ಮುಂದೆ ಪುಸ್ತಕ ಜೋಡಿಸುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದರು.

"ನೀವು ಹನ್ನೊಂದು ವರ್ಷ ನನ್ನ ಕೂದಲು ಸುಟ್ರಿ. ಗೊತ್ತಿದ್ದೂ ಬರ್ತಿದ್ದೆ, ಯಾಕೆ ಹೇಳಿ? ಈ ಬಣ್ಣಕ್ಕೆ. ಒಂದ್ಸಲ ಬೇರೆ ಕಡೆ ಹಾಕಿಸ್ಕೊಂಡೆ, ತಲೆ ಮೇಲೆ ಇಟ್ಟಿಗೆ ಹೊತ್ಕೊಂಡ ಹಾಗೆ ಕಾಣ್ತಿತ್ತು." ಕನ್ನಡಕ ಹಾಕಿಕೊಂಡರು. "ಹೋಗಿ ನಿಮ್ಮ ಯಜಮಾನಿಗೆ ನೀವೇ ಹೇಳಿ. ಆಮೇಲೆ ಬಣ್ಣ ಸರಿ ಮಾಡೋಕೆ ಬರ್ತೀನಿ. ಅದಕ್ಕೆ ಮುಂಚೆ ಬರಲ್ಲ."

ಅವಳು ಹೇಳಿದಳು. ಯಜಮಾನಿ ಕೆಲಸದಿಂದ ತೆಗೆಯಲಿಲ್ಲ. ಆದರೆ ಕಿಟಕಿ ಪಕ್ಕದ ಅವಳ ಕುರ್ಚಿಯನ್ನು ನಾದಿನಿಗೆ ಕೊಟ್ಟು, ಅವಳನ್ನು ಒಳಗಿನ ಮೂಲೆಗೆ ಹಾಕಿದಳು. ಮನೆಯಲ್ಲಿ ಗಂಡ ಎರಡು ವಾರ ಹೂಂ ಉಹೂಂ ಬಿಟ್ಟು ಮಾತಾಡಲಿಲ್ಲ. ನಾದಿನಿ "ಅತ್ತಿಗೆ" ಎಂದು ಮತ್ತೆ ಕರೆಯಲು ಒಂದು ತಿಂಗಳು ಹಿಡಿಯಿತು.

ಕೆಲಸ ಮಾತ್ರ ಇಬ್ಬರನ್ನೂ ಒಂದೇ ತಲೆಯ ಮುಂದೆ ನಿಲ್ಲಿಸುತ್ತಿತ್ತು. ಮೇಡಂ ಬಂದರೆ ಬಣ್ಣ ಇವಳದು, ಅಲೆ ಅವಳದು. ಒಂದು ದಿನ ಇಸ್ತ್ರಿ ಅಕ್ಕ, "ಅದನ್ನ ನಂಗೂ ಹೇಳ್ಕೊಡು" ಎಂದಳು. ನಾದಿನಿ ಬೇಡ ಎನ್ನಲಿಲ್ಲ. ಮೊದಲ ಸಲ ನೊರೆ ಹೆಚ್ಚಾಗಿ ಕೂದಲು ಮುಸುರೆ ತಿಕ್ಕುವ ನಾರಿನಂತಾಯಿತು. ಎರಡನೆಯ ಸಲ ನೆತ್ತಿ ಚಪ್ಪಟೆಯಾಯಿತು.

ನಾಲ್ಕನೆಯ ಸಲ ಕೂತದ್ದು ನವಿರು ಕೂದಲಿನ ಒಬ್ಬ ನರ್ಸ್. ಕೂದಲು ಒಣಗಿ, ಅಲೆಗಳು ಒಂದರ ಹಿಂದೊಂದು ಭುಜಕ್ಕಿಳಿದವು. ನರ್ಸ್ ಕನ್ನಡಿಗೆ ಮುಖ ತಂದು, "ಅಯ್ಯೋ, ಇನ್ಮೇಲೆ ನೀವೇ ಮಾಡಿ ಅಕ್ಕ" ಎಂದಳು. ಇಸ್ತ್ರಿ ಅಕ್ಕ ತಲೆ ಎತ್ತಿದಳು. ಹಿಂದೆ ನಿಂತಿದ್ದ ನಾದಿನಿ ನಕ್ಕಳು, ಆದರೆ ನಗು ಬರುವ ಮುಂಚೆ ಅವಳ ತುಟಿ ಅರೆಗಳಿಗೆ ಬಿಗಿದುಕೊಂಡಿತ್ತು.

ಇಸ್ತ್ರಿ ಅಕ್ಕನಿಗೆ ಅದು ಕಂಡಿತು; ಆ ಉರಿಯ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ಕಂಡು ಎಷ್ಟು ಖುಷಿಯಾಯಿತೆಂದರೆ, ಅವಳಿಗೇ ನಾಚಿಕೆಯಾಗಿ ಬಾಚಣಿಗೆ ತೊಳೆಯುವ ನೆಪದಲ್ಲಿ ಒಳಗೆ ನಡೆದಳು.